ಕಾರ್ಡ್ ನಮ್ಮದು, ಮ್ಯಾನ್ಯುಯಲ್ ಯಾರದು?

ಲಿನಕ್ಸ್ ಹಾಕಿರೋ ಲ್ಯಾಪ್‌ಟಾಪ್‌ಗೆ ಮೊದಲ ಸಲ ಆರ್ಡುಯಿನೊ ಚುಚ್ಚಿದವರಲ್ಲಿ ತುಂಬಾ ಜನಕ್ಕೆ ಈ ಅನುಭವ ಆಗಿರುತ್ತೆ. ಕೋಡ್ ಕಂಪೈಲ್ ಆಗುತ್ತೆ, ಅಪ್‌ಲೋಡ್ ಒತ್ತಿದ ಕೂಡಲೇ 'ಪರ್ಮಿಷನ್ ಡಿನೈಡ್' ಅಂತ ಬರುತ್ತೆ. ಆಮೇಲೆ ಯಾರೋ ಸೀನಿಯರ್ ಒಂದು ಸಾಲಿನ ಕಮ್ಯಾಂಡ್ ಕಳಿಸ್ತಾರೆ. ಪೇಸ್ಟ್ ಮಾಡ್ತೀವಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗ್ತೀವಿ, ಕೆಲಸ ಮುಗೀತು. ಉಬುಂಟು, ಡೆಬಿಯನ್‌ಗಳಲ್ಲಿ ಆ ಕಮ್ಯಾಂಡ್ ಮಾಡೋದು ಇಷ್ಟೇ: ನಮ್ಮ ಯೂಸರ್ ಹೆಸರನ್ನು 'ಡಯಲೌಟ್' ಅನ್ನೋ ಗುಂಪಿಗೆ ಸೇರಿಸುತ್ತೆ.

ಡಯಲೌಟ್ ಅಂದ್ರೆ ಏನು? ಎಲ್ಲಿಗೆ ಡಯಲ್? ಆರ್ಡುಯಿನೊಗೂ ಫೋನ್‌ಗೂ ಏನು ಸಂಬಂಧ?

ಉತ್ತರ ಹುಡುಕ್ತಾ ಹೋದ್ರೆ ನಾವು ಹುಟ್ಟೋ ಮುಂಚಿನ ಒಂದು ತಲೆನೋವಿನ ಹತ್ತಿರ ಹೋಗಿ ನಿಲ್ತೀವಿ: ಯುನಿಕ್ಸ್ ಥರದ ಸಿಸ್ಟಮ್‌ನಲ್ಲಿ ಇಂಟರ್ನಲ್ ಡಯಲಪ್ ಮೋಡೆಮ್ ಕೂರಿಸೋದು. ಮ್ಯೂಸಿಯಂ ವಿಷಯ ಅಂತ ಪೇಜ್ ಮುಚ್ಚಬೇಡಿ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಒಂದು ಸಾಧನದ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನ ಅದನ್ನು ಮಾಡಿದವರು ಬರೆದು ಕೊಡದಿದ್ರೆ, ದುಡ್ಡು ಕೊಟ್ಟು ತಂದ್ರೂ ಅದು ಪೂರ್ತಿ ನಮ್ಮದಾಗಲ್ಲ. ಈ ಪಾಠವನ್ನ ಮೋಡೆಮ್ ಕಾರ್ಡ್‌ಗಳು ಒಂದು ತಲೆಮಾರಿಗೆ ಚೆನ್ನಾಗಿಯೇ ಕಲಿಸಿದವು. ನಮ್ಮ ಲ್ಯಾಬ್‌ಗಳಿಗೆ ಅದು ಇನ್ನೂ ತಲುಪಿಲ್ಲ.

ಕಾರ್ಡ್ ಒಳಗೆ ಏನಿತ್ತು?

ಫೋನ್ ತಂತಿ ಇದ್ದದ್ದು ಮನುಷ್ಯರ ಮಾತಿಗೆ. ಸುಮಾರು 300ರಿಂದ 3400 ಹರ್ಟ್ಸ್ ತನಕದ ಶಬ್ದ ಮಾತ್ರ ಅದರಲ್ಲಿ ಸರಿಯಾಗಿ ಹೋಗುತ್ತೆ. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನ ಆ ಇಕ್ಕಟ್ಟಿನ ಜಾಗದಲ್ಲಿ ಹಿಡಿಸೋ ಹಾಗೆ ಶಬ್ದ ಮಾಡಿ ಕಳಿಸೋದು, ಆ ಕಡೆಯಿಂದ ಬಂದ ಶಬ್ದವನ್ನ ಮತ್ತೆ ಬಿಟ್‌ಗಳಾಗಿ ಬಿಡಿಸೋದು, ಇದೇ ಮೋಡೆಮ್ ಕೆಲಸ. ಮಾಡ್ಯುಲೇಟರ್ ಮತ್ತು ಡಿಮಾಡ್ಯುಲೇಟರ್ ಎರಡೂ ಸೇರಿ ಮೋಡೆಮ್. ಕ್ಲಾಸಲ್ಲಿ ನಾವು ನಿದ್ದೆಗಣ್ಣಲ್ಲಿ ಬರ್ಕೊಳ್ಳೋ ಕ್ಯೂಎಎಮ್, ನೈಕ್ವಿಸ್ಟ್ ಎಲ್ಲಾ ಆ ಪುಟ್ಟ ಕಾರ್ಡಲ್ಲಿ ನಿಜವಾಗಿ ಓಡ್ತಿದ್ದವು. 1998ರಲ್ಲಿ ಬಂದ ವಿ.90 ಸ್ಟ್ಯಾಂಡರ್ಡ್‌ನ 56 ಕೆ ಅನ್ನೋ ಸಂಖ್ಯೆಯೂ ಅಲ್ಲಿಂದಲೇ ಬಂದಿದ್ದು. ಎಕ್ಸ್‌ಚೇಂಜ್ ಸೆಕೆಂಡಿಗೆ 8000 ಸ್ಯಾಂಪಲ್ ತಗೊಳ್ಳುತ್ತೆ, ಪ್ರತಿ ಸ್ಯಾಂಪಲ್‌ನಲ್ಲಿ 7 ಬಿಟ್ ನಂಬಬಹುದು ಅಂದ್ರೆ 56,000. ಇಷ್ಟು ಸುಲಭದ ಗುಣಾಕಾರ ನಮಗೆ ಯಾವ ಪರೀಕ್ಷೆಯಲ್ಲೂ ಸಿಕ್ಕಿಲ್ಲ.

ಮೋಡೆಮ್‌ನಲ್ಲಿ ಎರಡು ಥರ. ಎಕ್ಸ್‌ಟರ್ನಲ್ ಅಂದ್ರೆ ಮೇಜಿನ ಮೇಲೆ ಕೂರೋ ಡಬ್ಬಿ. ಅದಕ್ಕೆ ಬೇರೆ ಪವರ್, ಮುಂದೆ ಮಿಣುಕು ದೀಪಗಳು, ಹಿಂದಿನಿಂದ ಸೀರಿಯಲ್ ಪೋರ್ಟ್‌ಗೆ ಕೇಬಲ್. ಇಂಟರ್ನಲ್ ಅಂದ್ರೆ ಕಂಪ್ಯೂಟರ್ ಒಳಗಿನ ಸ್ಲಾಟ್‌ಗೆ ಕೂರೋ ಕಾರ್ಡ್. ಅಗ್ಗ, ಮೇಜಿನ ಮೇಲೆ ಜಾಗ ಬೇಡ. ಆದ್ರೆ ದೀಪ ಇಲ್ಲ, ಸ್ವಿಚ್ ಇಲ್ಲ, ಹ್ಯಾಂಗ್ ಆದ್ರೆ ಎಷ್ಟೋ ಸಲ ಇಡೀ ಕಂಪ್ಯೂಟರನ್ನೇ ಆರಿಸಿ ಹಚ್ಚಬೇಕು.

ಹಳೇ ಇಂಟರ್ನಲ್ ಕಾರ್ಡ್‌ಗಳಲ್ಲಿ ಸೀರಿಯಲ್ ಪೋರ್ಟೂ ಕಾರ್ಡ್ ಮೇಲೆಯೇ ಇರ್ತಿತ್ತು, 16550ಎ ಥರದ ಯುಎಆರ್‌ಟಿ ರೂಪದಲ್ಲಿ. ಮುಖ್ಯ ವಿಷಯ ಇಲ್ಲೇ ಇದೆ. ಆಪರೇಟಿಂಗ್ ಸಿಸ್ಟಮ್ ಕಣ್ಣಿಗೆ ಅದು ಮೋಡೆಮ್ಮೇ ಅಲ್ಲ, ಇನ್ನೊಂದು ಸೀರಿಯಲ್ ಪೋರ್ಟ್ ಅಷ್ಟೇ. ಆ ಯುಎಆರ್‌ಟಿಯ ಒಂದೊಂದು ರಿಜಿಸ್ಟರ್ ಏನು ಮಾಡುತ್ತೆ ಅಂತ ಡೇಟಾಶೀಟಲ್ಲಿ ಬರೆದಿತ್ತು. ಅದರ ಗಡಿಯಾರ 1.8432 ಮೆಗಾಹರ್ಟ್ಸ್. 16ರಿಂದ ಭಾಗಿಸಿದ್ರೆ 1,15,200. ಅದನ್ನ 12ರಿಂದ ಭಾಗಿಸಿದ್ರೆ 9600. ಸೀರಿಯಲ್ ಮಾನಿಟರಲ್ಲಿ ನಾವು ದಿನಾ ಆರಿಸೋ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ಈಗ ಗೊತ್ತಾಯ್ತಲ್ಲ?

ಕೂರಿಸೋ ಕೆಲಸ

ಐಎಸ್ಎ ಸ್ಲಾಟ್ ಕಾಲದಲ್ಲಿ ಮೊದಲ ಜಗಳ ಇಂಟರಪ್ಟ್ ಮೇಲೆ. ಕಾಮ್1ರ ವಿಳಾಸ ಹೆಕ್ಸ್‌ನಲ್ಲಿ 3ಎಫ್8, ಇಂಟರಪ್ಟ್ 4. ಕಾಮ್3ರ ವಿಳಾಸ 3ಇ8, ಇಂಟರಪ್ಟ್ ಮತ್ತೆ ಅದೇ 4. ಕಾಮ್2 ಮತ್ತು ಕಾಮ್4 ಎರಡಕ್ಕೂ 3. ಮೌಸ್ ಕಾಮ್1ರಲ್ಲಿ ಕೂತು ಮೋಡೆಮ್ ಕಾಮ್3ರಲ್ಲಿ ಕೂತ್ರೆ ಇಬ್ಬರೂ ಒಂದೇ ಬೆಲ್ ಒತ್ತೋ ಬಾಡಿಗೆಯವರ ಹಾಗೆ, ಯಾರು ಕರೆದ್ರು ಅಂತ ಗೊತ್ತಾಗಲ್ಲ. ಅದಕ್ಕೆ ಕಾರ್ಡ್ ಮೇಲಿನ ಜಂಪರ್ ಕಿತ್ತು ಬೇರೆ ಕಡೆ ಹಾಕಿ, ಮೋಡೆಮ್ ಅನ್ನ ಇಂಟರಪ್ಟ್ 5ಕ್ಕೆ ಕಳಿಸಿ, ಲಿನಕ್ಸ್‌ನಲ್ಲಿ 'ಸೆಟ್‌ಸೀರಿಯಲ್' ಕಮ್ಯಾಂಡ್ ಕೊಟ್ಟು "ಮೂರನೇ ಪೋರ್ಟ್ ಈ ವಿಳಾಸದಲ್ಲಿದೆ, ಈ ಇಂಟರಪ್ಟ್ ಬಳಸುತ್ತೆ" ಅಂತ ಹೇಳಬೇಕು. ಪ್ಲಗ್ ಅಂಡ್ ಪ್ಲೇ ಕಾರ್ಡ್ ಆದ್ರೆ 'ಪಿಎನ್‌ಪಿ ಡಂಪ್' ಓಡಿಸಿ, ಬಂದ ಪಟ್ಟಿಯಲ್ಲಿ ಬೇಕಾದ ಸಾಲಿನ ಮುಂದಿನ ಕಾಮೆಂಟ್ ಗುರುತು ತೆಗೆದು, 'ಐಎಸ್ಎಪಿಎನ್‌ಪಿ'ಗೆ ಕೊಡಬೇಕು.

ಆಮೇಲೆ 'ಮಿನಿಕಾಮ್' ತೆಗೆದು ಎರಡೇ ಅಕ್ಷರ ಟೈಪ್ ಮಾಡೋದು: ಎಟಿ. ಅಟೆನ್ಷನ್ ಅಂತ ಅರ್ಥ. ಎಲ್ಲಾ ಸರಿಯಿದ್ರೆ ಕಾರ್ಡ್ 'ಓಕೆ' ಅನ್ನುತ್ತೆ. ಈ ಭಾಷೆ 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದಿದ್ದು. ಆ ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್. ಬೇರೆ ತಯಾರಕರೂ ಅದೇ ಭಾಷೆ ಹಿಡಿದ್ರು. ಎಟಿಜೆಡ್ ಅಂದ್ರೆ ರೀಸೆಟ್, ಎಟಿಡಿಟಿ ಅಂದು ನಂಬರ್ ಕೊಟ್ರೆ ಟೋನ್ ಡಯಲ್, ಹಳೇ ಎಕ್ಸ್‌ಚೇಂಜ್ ಆದ್ರೆ ಟಿ ಬದಲು ಪಿ ಹಾಕಿ ಪಲ್ಸ್ ಡಯಲ್. ರಾತ್ರಿ ಮನೆಯವರು ಬೈತಾರೆ ಅಂದ್ರೆ ಎಟಿಎಂ0, ಸ್ಪೀಕರಿನ ಕಿರುಚಾಟ ಬಂದ್.

ಕೊನೇ ಹಂತ ಪಿಪಿಪಿ. 'ಚಾಟ್' ಅನ್ನೋ ಪುಟ್ಟ ಪ್ರೋಗ್ರಾಮಿಗೆ "ಇದು ಬಂದ್ರೆ ಅದು ಕಳಿಸು" ಅನ್ನೋ ಜೋಡಿಗಳನ್ನ ಬರೆದು ಕೊಡೋದು: ಓಕೆ ಬಂದ್ರೆ ಡಯಲ್ ಮಾಡು, ಕನೆಕ್ಟ್ ಬಂದ್ರೆ ಮುಂದಕ್ಕೆ ಹೋಗು, ಬ್ಯುಸಿ ಬಂದ್ರೆ ಬಿಟ್ಟುಬಿಡು. ಕನೆಕ್ಟ್ ಆದ ಮೇಲೆ ಪಿಪಿಪಿಡಿ ಕೈಗೆ ಕೆಲಸ. ಮೊದಲು ಲಿಂಕ್ ಬಗ್ಗೆ ಎರಡೂ ಕಡೆ ಮಾತುಕತೆ, ಆಮೇಲೆ ಪಿಎಪಿ ಅಥವಾ ಚಾಪ್ ವಿಧಾನದಲ್ಲಿ ಪಾಸ್‌ವರ್ಡ್, ಆಮೇಲೆ ಐಪಿ ವಿಳಾಸ. ಡಿಎನ್ಎಸ್ ವಿಳಾಸವನ್ನ ಒಂದು ಫೈಲಲ್ಲಿ ಬರೆದು, ಡೀಫಾಲ್ಟ್ ರೂಟ್ ಹಾಕಿದ್ರೆ ಇಂಟರ್ನೆಟ್ ಬಂತು. ಇಷ್ಟೆಲ್ಲ ಬೇಡ ಅನ್ನೋರಿಗೆ 'ವಿವಿಡಯಲ್' ಇತ್ತು.

ಇದೇ ಕಾರ್ಡ್ ಕಿತ್ತು ಫ್ರೀಬಿಎಸ್‌ಡಿ ಯಂತ್ರಕ್ಕೆ ಹಾಕಿದ್ರೆ? ಡ್ರೈವರ್ ಹೆಸರು 'ಎಸ್ಐಓ', ಪೋರ್ಟಿನ ಹೆಸರು ಟಿಟಿವೈಎಸ್2 ಬದಲು ಸಿಯುಎಎ2, ಪಿಪಿಪಿಡಿ ಬದಲು 'ಪಿಪಿಪಿ' ಅನ್ನೋ ಯೂಸರ್ ಪ್ರೋಗ್ರಾಮ್ ಬಳಸೋ ರೂಢಿ, ಅದಕ್ಕೊಂದು ಬೇರೆ ಕಾನ್ಫಿಗ್ ಫೈಲ್. ಆದ್ರೆ ಕಾರ್ಡಿಗೆ ಕಳಿಸೋದು ಅದೇ ಎಟಿ, ಅದು ಹೇಳೋದು ಅದೇ ಓಕೆ. ಮೋಡೆಮ್ ತಯಾರಿಸಿದವರು ಲಿನಕ್ಸ್ ಹೆಸರೇ ಕೇಳಿರದಿದ್ರೂ ನಡೀತಿತ್ತು. ಮಾತಿನ ನಿಯಮ ಎಲ್ಲರ ಹತ್ತಿರ ಇತ್ತು, ಸಾಕು.

ನಮ್ಮ ದೇಶದಲ್ಲಿ ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು, ಹೀಗೆ ಡಯಲ್ ಮಾಡಿಯೇ. ಅಗ್ಗದ್ದು ಶೆಲ್ ಅಕೌಂಟ್: ಮೋಡೆಮ್ ಮೂಲಕ ದೂರದ ಯುನಿಕ್ಸ್ ಯಂತ್ರಕ್ಕೆ ಲಾಗಿನ್ ಆಗೋದು, ಪರದೆ ತುಂಬಾ ಬರೀ ಅಕ್ಷರ. ಇಂಟರ್ನೆಟ್ ಅಂದ್ರೆ ಚಿತ್ರ-ವಿಡಿಯೊ ಅಂದ್ಕೊಂಡಿರೋ ನಮಗೆ ಇದು ಪುರಾಣ.

ಅರ್ಧ ಮೋಡೆಮ್ ಬಂತು

ತೊಂಬತ್ತರ ದಶಕದ ಕೊನೆಯಲ್ಲಿ ಇನ್ನೊಂದು ಥರದ ಕಾರ್ಡ್ ಮಾರ್ಕೆಟ್ ತುಂಬಿತು. ಜನ ಅದನ್ನ 'ವಿನ್‌ಮೋಡೆಮ್' ಅಂತ ಕರೆದ್ರು. ಅಸಲಿಗೆ ಅದು ಯುಎಸ್ ರೋಬೋಟಿಕ್ಸ್ ಕಂಪನಿಯ ಟ್ರೇಡ್‌ಮಾರ್ಕ್, ಆಮೇಲೆ ಆ ಜಾತಿಗೇ ಹೆಸರಾಯ್ತು. ಇದರ ಐಡಿಯಾ ಸರಳ. ಪ್ರೊಸೆಸರ್‌ಗಳು ಜೋರಾಗ್ತಿವೆ, ಹಾಗಾದ್ರೆ ಮೋಡೆಮ್ ಕೆಲಸವನ್ನ ಕಾರ್ಡ್ ಯಾಕೆ ಮಾಡಬೇಕು, ಕಂಪ್ಯೂಟರ್ರೇ ಮಾಡಲಿ. ಕೆಲವು ಕಾರ್ಡ್‌ಗಳಲ್ಲಿ ಎಟಿ ಕಮ್ಯಾಂಡ್ ಅರ್ಥ ಮಾಡಿಕೊಳ್ಳೋ ಕಂಟ್ರೋಲರ್ ಇರಲಿಲ್ಲ. ಇನ್ನು ಕೆಲವಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಮಾಡೋ ಚಿಪ್ಪೂ ಇರಲಿಲ್ಲ. ಉಳಿದಿದ್ದು ಅನಲಾಗ್-ಡಿಜಿಟಲ್ ಬದಲಾಯಿಸೋ ಕೋಡೆಕ್ ಮತ್ತು ಫೋನ್ ತಂತಿಗೆ ಸೇರೋ ಸರ್ಕ್ಯೂಟ್. ಮಿಕ್ಕಿದ್ದೆಲ್ಲ ಡ್ರೈವರ್ ಸಾಫ್ಟ್‌ವೇರಲ್ಲಿ. ಆ ಡ್ರೈವರ್ ಬಹುತೇಕ ವಿಂಡೋಸ್‌ಗೆ ಮಾತ್ರ.

ಇಲ್ಲಿ ಸಾಮಾನ್ಯವಾಗಿ ಮಾಡೋ ವಾದ ನಮಗೆ ಒಪ್ಪಿಗೆ ಇಲ್ಲ. ವಿನ್‌ಮೋಡೆಮ್ ಅಂದ್ರೆ ಮೋಸ, ಅದು ಮೋಡೆಮ್ಮೇ ಅಲ್ಲ ಅಂತ ಹಲವರು ಅಂದ್ರು. ನಾವು ಹಾಗನ್ನಲ್ಲ. ಹಾರ್ಡ್‌ವೇರ್ ಕೆಲಸವನ್ನ ಸಾಫ್ಟ್‌ವೇರ್‌ಗೆ ತರೋದು ಒಳ್ಳೇ ಇಂಜಿನಿಯರಿಂಗ್. ಇವತ್ತು ನಮ್ಮ ಇಸಿ ಫ್ರೆಂಡ್ಸ್ ಆಸೆಯಿಂದ ನೋಡೋ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ ಇದೇ ಐಡಿಯಾ. ಗ್ನೂ ರೇಡಿಯೊದಲ್ಲಿ ಬ್ಲಾಕ್ ಎಳೆದು ಜೋಡಿಸೋವಾಗ ನಾವು ಮಾಡೋದು ಅದನ್ನೇ. ಚಿಪ್ ಕಮ್ಮಿ ಆದ್ರೆ ಬೆಲೆ ಕಮ್ಮಿ. ಆ ಅಗ್ಗದ ಕಾರ್ಡ್‌ಗಳಿಂದ ಎಷ್ಟೋ ಮನೆಗಳಿಗೆ ಇಂಟರ್ನೆಟ್ ಹೋಗಿದ್ದು ನಿಜ.

ತಪ್ಪಾಗಿದ್ದು ಬೇರೆ ಕಡೆ. ಮೋಡೆಮ್‌ನ ಬುದ್ಧಿ ಕಾರ್ಡಿಂದ ಹೊರಗೆ ಬಂದ ಮೇಲೆ, ಆ ಬುದ್ಧಿ ಕಾರ್ಡ್ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೆ ಅಂತ ಹೇಳಬೇಕಿತ್ತು. ಎಷ್ಟೋ ಕಂಪನಿಗಳು ಹೇಳಲಿಲ್ಲ. ಯುಎಆರ್‌ಟಿ ಇಲ್ಲದ್ದರಿಂದ ಸೆಟ್‌ಸೀರಿಯಲ್‌ಗೆ ಹಿಡಿಯೋಕೆ ಏನೂ ಸಿಗಲ್ಲ. ಮಿನಿಕಾಮಲ್ಲಿ ಎಟಿ ಅಂದ್ರೆ ಕೇಳೋಕೆ ಆ ಕಡೆ ಯಾರೂ ಇಲ್ಲ. ದುಡ್ಡು ಕೊಟ್ಟು ತಂದ ಕಾರ್ಡ್ ಸ್ಲಾಟಲ್ಲಿ ಸುಮ್ಮನೆ ಕೂತಿರುತ್ತೆ.

ಎರಡೂ ಥರದ್ದನ್ನ ನಾವು ಕಣ್ಣಾರೆ ನೋಡಿದ್ವಿ. ರಜೆಯಲ್ಲಿ ಹಳೇ ಸಾಮಾನಿನ ರೂಮಲ್ಲಿ ಎರಡು ಪಿಸಿಐ ಮೋಡೆಮ್ ಕಾರ್ಡ್ ಸಿಕ್ಕವು, ಅದೇ ರೂಮಿನ ಪೆಂಟಿಯಂ ಪಿಸಿಗೆ ಹಾಕಿದ್ವಿ. 'ಎಲ್‌ಎಸ್‌ಪಿಸಿಐ' ಕೊಟ್ರೆ ಒಂದು 'ಸೀರಿಯಲ್ ಕಂಟ್ರೋಲರ್' ಅಂತ ಬಂತು, ಇನ್ನೊಂದು 'ಕಮ್ಯುನಿಕೇಶನ್ ಕಂಟ್ರೋಲರ್' ಅಂತ. ಮೊದಲನೆಯದಕ್ಕೆ ಕರ್ನಲ್ ತಾನೇ ಪೋರ್ಟ್ ಕೊಟ್ಟಿತು, ಎಟಿ ಅಂದ್ವಿ, ಓಕೆ ಅಂತು. ನಮಗಿಂತ ದೊಡ್ಡ ವಯಸ್ಸಿನ ಕಾರ್ಡ್, ಮೊನ್ನೆ ಮೊನ್ನೆಯ ಕರ್ನಲ್, ಮಧ್ಯೆ ಯಾವ ಡ್ರೈವರ್ ಸಿಡಿಯೂ ಇಲ್ಲ. ಎರಡನೆಯದು ನೋಡೋಕೆ ಇನ್ನೂ ಹೊಸದಾಗಿತ್ತು, ಆದ್ರೆ ತುಟಿ ಬಿಚ್ಚಲಿಲ್ಲ. ಅದರ ಕಂಪನಿ ಡ್ರೈವರ್ ನಿಲ್ಲಿಸಿದ ದಿನವೇ ಅದರ ಆಯಸ್ಸು ಮುಗಿದಿತ್ತು.

ಸೊನ್ನೆ ಬೈಟಿನ ಕಥೆ

ಗುಟ್ಟು ಇಟ್ಟುಕೊಂಡು ಲಿನಕ್ಸ್‌ಗೆ ಡ್ರೈವರ್ ಕೊಟ್ಟವರೂ ಇದ್ರು. ಮುಖ್ಯ ಭಾಗ ಬೈನರಿ, ಸುತ್ತ ಒಂಚೂರು ಸೋರ್ಸ್. ಲಿನಕ್ಸಂಟ್ ಅನ್ನೋ ಕಂಪನಿ ಕೊನೆಕ್ಸಂಟ್ ಚಿಪ್‌ಗಳಿಗೆ ಹೀಗೆ ಡ್ರೈವರ್ ಮಾಡ್ತು. ಉಚಿತ ಆವೃತ್ತಿಯಲ್ಲಿ ವೇಗ 14.4 ಕೆಗೆ ಕಟ್ಟಿಹಾಕಿದ್ರು, ಪೂರ್ತಿ 56 ಕೆ ಬೇಕಂದ್ರೆ ದುಡ್ಡು ಕಟ್ಟಬೇಕು. ಕಾರ್ಡ್ ಒಂದು ಸಲ ಕೊಂಡಾಯ್ತು, ಈಗ ಅದರ ವೇಗವನ್ನ ಮತ್ತೆ ಕೊಳ್ಳಬೇಕು.

2004ರಲ್ಲಿ ಅದೇ ಡ್ರೈವರ್‌ನಿಂದ ದೊಡ್ಡ ಚರ್ಚೆ ಆಯ್ತು. ಕರ್ನಲ್‌ಗೆ ಸೇರೋ ಪ್ರತಿ ಮಾಡ್ಯೂಲ್ ತನ್ನ ಲೈಸೆನ್ಸ್ ಏನು ಅಂತ ಒಂದು ಸ್ಟ್ರಿಂಗಲ್ಲಿ ಹೇಳಬೇಕು. ಮುಕ್ತ ಲೈಸೆನ್ಸ್ ಅಲ್ಲದಿದ್ರೆ ಕರ್ನಲ್ 'ಟೇಂಟೆಡ್' ಅಂತ ಎಚ್ಚರಿಕೆ ಕೊಡುತ್ತೆ. ಇವರ ಸ್ಟ್ರಿಂಗ್ ಶುರುವಾಗೋದು 'ಜಿಪಿಎಲ್' ಅಂತ, ಅದರ ಬೆನ್ನಿಗೇ ಒಂದು ಬ್ಯಾಕ್‌ಸ್ಲ್ಯಾಶ್ ಸೊನ್ನೆ, ಆಮೇಲೆ "ಜಿಪಿಎಲ್ ಡೈರೆಕ್ಟರಿಯ ಫೈಲುಗಳಿಗೆ ಮಾತ್ರ" ಅನ್ನೋ ಅರ್ಥದ ಮಾತು. ಮೊದಲ ಸೆಮಿಸ್ಟರಿನ ಸಿ ಪಾಠ ನೆನಪಿದೆಯಾ? ಸೊನ್ನೆ ಬೈಟ್ ಬಂದ ಕಡೆ ಸ್ಟ್ರಿಂಗ್ ಮುಗೀತು. ಕರ್ನಲ್ ಓದಿದ್ದು 'ಜಿಪಿಎಲ್' ಅಂತ ಮಾತ್ರ. ಎಚ್ಚರಿಕೆ ಸಂದೇಶ ಮತ್ತೆ ಮತ್ತೆ ಬಂದು ಬಳಕೆದಾರರಿಗೆ ಗಲಿಬಿಲಿ ಆಗ್ತಿತ್ತು, ಅದಕ್ಕೆ ಹೀಗೆ ಮಾಡಿದ್ವಿ ಅಂತ ಕಂಪನಿ ಸಮಜಾಯಿಷಿ ಕೊಡ್ತು. ಕಾರಣ ಏನೇ ಇರಲಿ, ಮುಚ್ಚಿಟ್ಟ ವಸ್ತು ತೆರೆದ ಮನೆಯೊಳಗೆ ಬರಬೇಕಂದ್ರೆ ಎಂಥ ಸರ್ಕಸ್ ಮಾಡಬೇಕಾಯ್ತು ನೋಡಿ.

ತೆರೆದ ಭಾಷೆಗೆ ತೊಂದರೆಯೇ ಇಲ್ಲ ಅಂತಲ್ಲ. ಕನೆಕ್ಷನ್ ಮಧ್ಯೆ ಮೋಡೆಮ್‌ನ ಗಮನ ಸೆಳೆಯೋಕೆ ಮೂರು ಪ್ಲಸ್ ಚಿಹ್ನೆ ಕಳಿಸೋದು ಹೇಯ್ಸ್ ಪದ್ಧತಿ, ಹಿಂದೆ ಮುಂದೆ ಒಂದು ಸೆಕೆಂಡ್ ಮೌನ ಇರಬೇಕು. ಆ ಮೌನದ ಉಪಾಯಕ್ಕೆ ಹೇಯ್ಸ್ ಪೇಟೆಂಟ್ ಇತ್ತು, ಕೆಲವು ಮೋಡೆಮ್‌ಗಳಲ್ಲಿ ಅದು ಇರಲಿಲ್ಲ. ಕಿಡಿಗೇಡಿಗಳು ಪಿಂಗ್ ಪ್ಯಾಕೆಟ್ ಒಳಗೆ ಮೂರು ಪ್ಲಸ್ ಮತ್ತು ಫೋನ್ ಇಡೋ ಕಮ್ಯಾಂಡ್ ತುಂಬಿಸಿ ಕಳಿಸ್ತಿದ್ರು. ಪಾಪ, ಕಂಪ್ಯೂಟರ್ ಅದನ್ನೇ ವಾಪಸ್ ಕಳಿಸೋಕೆ ಹೋಗಿ ತನ್ನ ಮೋಡೆಮ್‌ಗೇ "ಫೋನ್ ಇಡು" ಅಂತ ಹೇಳಿಬಿಡ್ತಿತ್ತು! ಇದಕ್ಕೆ ಪರಿಹಾರ ಎಸ್2 ರಿಜಿಸ್ಟರ್‌ಗೆ 255 ಹಾಕೋದು. ಒಂದೇ ಸಾಲು. ಆ ರಿಜಿಸ್ಟರ್ ಮ್ಯಾನ್ಯುಯಲ್‌ನಲ್ಲಿ ಇದ್ದಿದ್ದರಿಂದ ಕಂಪನಿಯ ಪ್ಯಾಚ್‌ಗೆ ಕಾಯದೆ ಬಳಕೆದಾರರೇ ಸರಿಮಾಡ್ಕೊಂಡ್ರು. ತೊಂದರೆ ಎರಡು ಕಡೆಯೂ ಇರುತ್ತೆ, ಆದ್ರೆ ರಿಪೇರಿ ನಮ್ಮ ಕೈಯಲ್ಲಿರೋದು ತೆರೆದ ಕಡೆ ಮಾತ್ರ.

ನಮಗೇನು ಇದರಿಂದ?

"ಸಾಕು ಗುರೂ, ಮೋಡೆಮ್ ಸತ್ತಾಯ್ತು" ಅನ್ನೋರಿಗೆ ಒಂದು ಸುದ್ದಿ: ಎಟಿ ಸತ್ತಿಲ್ಲ. ಮಿನಿ ಪ್ರಾಜೆಕ್ಟ್‌ನಲ್ಲಿ ಮೆಸೇಜ್ ಕಳಿಸೋಕೆ ಅಂತ ನಾವು ತರೋ ಸಿಮ್800 ಮಾಡ್ಯೂಲ್ ಎಟಿ ಅಂದ್ರೆ ಓಕೆ ಅನ್ನುತ್ತೆ. ಮೊಬೈಲ್ ಜಾಲದ ಮೋಡೆಮ್‌ಗಳಿಗೂ 3ಜಿಪಿಪಿ ಇದೇ ಮಾದರಿಯ ಕಮ್ಯಾಂಡ್‌ಗಳ ಸ್ಟ್ಯಾಂಡರ್ಡ್ ಬರೆದಿಟ್ಟಿದೆ. 1981ರ ಭಾಷೆ ಇನ್ನೂ ಬದುಕಿರೋದು ಅದು ಚೆಂದ ಅಂತಲ್ಲ, ಎಲ್ಲರಿಗೂ ಗೊತ್ತು ಅಂತ.

ಅರ್ಧ ಮೋಡೆಮ್ ಕಾಯಿಲೆಯೂ ಸತ್ತಿಲ್ಲ. ಹಾಸ್ಟೆಲ್‌ನಲ್ಲಿ ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದವರನ್ನ ಕೇಳಿ. ವೈಫೈ ಕಾಣಲ್ಲ. ಫೋನ್ ಟೆದರ್ ಮಾಡಿ ಯಾರೋ ಪುಣ್ಯಾತ್ಮರು ಬರೆದ ಡ್ರೈವರ್ ಇಳಿಸಿ ಕಂಪೈಲ್ ಮಾಡಬೇಕು, ಕರ್ನಲ್ ಅಪ್‌ಡೇಟ್ ಆದ್ರೆ ಮತ್ತೆ ಶುರುವಿಂದ. ಅಗ್ಗದ ಯುಎಸ್‌ಬಿ ಡಾಂಗಲ್‌ಗಳದ್ದೂ ಇದೇ ಗೋಳು. ಬೈಕೊಂಡು ವಿಂಡೋಸ್‌ಗೆ ವಾಪಸ್ ಹೋಗ್ತೀವಿ, "ಲಿನಕ್ಸ್ ಸರಿ ಇಲ್ಲ" ಅಂತೀವಿ. ಹಳೇ ಕಾಲದವರು ಮೋಡೆಮ್ ಬಗ್ಗೆ ಅಂದಿದ್ದೂ ಇದನ್ನೇ.

ಅದಕ್ಕೆ ನಮ್ಮ ಕಡೆಯಿಂದ ಮೂರು ಬೇಡಿಕೆ.

ಒಂದು, ಲ್ಯಾಬ್ ಇನ್‌ಚಾರ್ಜ್ ಸರ್ ಮತ್ತು ಮೇಡಂಗಳಿಗೆ. ಬೋರ್ಡ್, ಡಾಂಗಲ್, ಸೆನ್ಸರ್ ತರಿಸೋವಾಗ ಕೊಟೇಶನ್ ಕೇಳೋ ಪತ್ರದಲ್ಲಿ ದಯವಿಟ್ಟು ಒಂದು ಸಾಲು ಸೇರಿಸಿ: ಡೇಟಾಶೀಟ್ ಸಿಗುತ್ತಾ, ಲಿನಕ್ಸ್ ಡ್ರೈವರ್‌ನ ಸೋರ್ಸ್ ಸಿಗುತ್ತಾ? ಇಲ್ಲ ಅಂದ್ರೆ ಐವತ್ತು ರೂಪಾಯಿ ಜಾಸ್ತಿ ಆದ್ರೂ ಸಿಗೋದನ್ನೇ ತಗೊಳ್ಳಿ. ಕೇಳೋರು ಜಾಸ್ತಿ ಆದ್ರೆ ಮಾರೋರು ಉತ್ತರ ಇಟ್ಕೊಂಡೇ ಬರ್ತಾರೆ.

ಎರಡು, ಸಿಲಬಸ್‌ಗೆ ಕಾಯದೆ ಒಂದೇ ಒಂದು ಲ್ಯಾಬ್ ಅವಧಿ ಕೊಡಿ. ಲೈಬ್ರರಿ ಇಲ್ಲ, ರೆಡಿಮೇಡ್ ಸ್ಕೆಚ್ ಇಲ್ಲ. ಒಂದು ಸಿಮ್800, ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್, ಮಿನಿಕಾಮ್, ಪ್ರಿಂಟ್ ಮಾಡಿದ ಮ್ಯಾನ್ಯುಯಲ್. ಕೈಯಿಂದ ಟೈಪ್ ಮಾಡಿ ಒಂದು ಮೆಸೇಜ್ ಕಳಿಸಲಿ. ಸಾಧನದ ಜೊತೆ ನೇರವಾಗಿ ಮಾತಾಡಿ ಉತ್ತರ ಪಡೆದವರು ಆಮೇಲೆ ಲೈಬ್ರರಿ ಬಳಸಿದ್ರೂ ಅದರೊಳಗೆ ಏನು ನಡೀತಿದೆ ಅಂತ ಊಹಿಸಬಲ್ಲರು.

ಮೂರನೆಯದು ನಮಗೇ. ಸೀನಿಯರ್‌ಗಳು ಬಿಟ್ಟುಹೋದ ಪ್ರಾಜೆಕ್ಟ್ ಬೋರ್ಡ್‌ಗಳು ಕಪಾಟಿನ ತುಂಬಾ ಇವೆ. ಯಾವ ಪಿನ್ ಏನು, ಯಾವ ವೇಗ, ಯಾವ ಬೈಟ್ ಕಳಿಸಿದ್ರೆ ಏನಾಗುತ್ತೆ, ಒಂದಕ್ಕೂ ಒಂದು ಹಾಳೆ ಇಲ್ಲ. ದೂರದ ಕಂಪನಿಯನ್ನ ಬೈಯೋ ನಾವು ನಮ್ಮ ಜೂನಿಯರ್‌ಗಳಿಗೆ ಕೊಡ್ತಿರೋದೂ ವಿನ್‌ಮೋಡೆಮ್ಮೇ. ಇನ್ಮೇಲೆ ಸಬ್‌ಮಿಟ್ ಆಗೋ ಪ್ರತಿ ಪ್ರಾಜೆಕ್ಟ್ ಜೊತೆ ಎರಡು ಪುಟದ ಮ್ಯಾನ್ಯುಯಲ್ ಇರಲಿ. ಕನ್ನಡದಲ್ಲಿ ಬರೆದ್ರೆ ಈ ಪತ್ರಿಕೆಯಲ್ಲೇ ಜಾಗ ಕೊಡೋಣ ಅಂತ ಸಂಪಾದಕ ಬಳಗವನ್ನ ಕೇಳ್ಕೊಳ್ತೀವಿ. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನವರೇ, ರಿಜಿಸ್ಟರ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ನಮಗೂ ಗೊತ್ತಿಲ್ಲ. ರಿಜಿಸ್ಟರ್ ಅಂತಲೇ ಬರೆಯಿರಿ, ಪರವಾಗಿಲ್ಲ. ಯಾವ ಬೈಟ್ ಕಳಿಸಿದ್ರೆ ಯಾವ ಉತ್ತರ ಬರುತ್ತೆ ಅನ್ನೋದು ಆ ಎರಡು ಪುಟದಲ್ಲಿ ಇದ್ರೆ ಸಾಕು. ಮುಂದಿನ ವರ್ಷ ಆ ಕಪಾಟು ತೆಗೆಯೋ ಜೂನಿಯರ್ ನಮ್ಮನ್ನ ಬೈಯದೆ ಕೆಲಸ ಶುರುಮಾಡ್ತಾನೆ, ಶುರುಮಾಡ್ತಾಳೆ.